ಹಳೇ ಕಾರಿನ ಹೀಟರಿಗೆ ಹೊಸ ಮಿದುಳು

ಮಕ್ಕಳೇ, ಜನವರಿಯ ಒಂದು ಶನಿವಾರ ಅಂದುಕೊಳ್ಳಿ. ಹೊರಗೆ ಸಣ್ಣಗೆ ಮಳೆ, 5 ಡಿಗ್ರಿ ಚಳಿ. ಒದ್ದೆ ಜಾಕೆಟ್ ಹಾಕಿಕೊಂಡು ನಾಲ್ಕು ಜನ ಕಾರಿನೊಳಗೆ ಕೂತು ಬಾಗಿಲು ಹಾಕಿದಿರಿ. ಎರಡೇ ನಿಮಿಷಕ್ಕೆ ಗಾಜೆಲ್ಲ ಬೆಳ್ಳಗಾಯ್ತು. ಹಿಂದೆ ಕೂತವರಿಗೆ ಖುಷಿ, ಪಕ್ಕದ ಗಾಜಿನ ಮೇಲೆ ಬೆರಳಲ್ಲಿ ಅ ಆ ಇ ಈ ಬರೀಬಹುದು. ಮುಂದೆ ಕೂತವರಿಗೆ ಮಾತ್ರ ರಸ್ತೆ ಕಾಣ್ತಿಲ್ಲ. ಅಪ್ಪನೋ ಅಮ್ಮನೋ ಯಾವುದೋ ಒಂದು ಬಟನ್ ಒತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಗಾಜು ತಿಳಿಯಾಗುತ್ತದೆ. ಆ ಬಟನ್ ಹಿಂದೆ ಏನು ನಡೆಯುತ್ತದೆ? ಅಂಥ ಬಟನ್ನೇ ಇಲ್ಲದ, ನಲವತ್ತು ವರ್ಷ ದಾಟಿದ ಒಂದು ಕಾರಿಗೆ ನಾವೇ ಅದನ್ನು ಮಾಡಿ ಕೂರಿಸಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?

ಎಲೆಕ್ಟ್ರಾನಿಕ್ಸ್ ಆಮೇಲೆ. ಮೊದಲು ಗಾಜು ಯಾಕೆ ಮಂಜಾಗುತ್ತದೆ ಅಂತ ನೋಡೋಣ. ಅದು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಚಿಪ್ ತಂದರೂ ಉಪಯೋಗವಿಲ್ಲ.

ಗಾಳಿಯಲ್ಲಿ ಯಾವಾಗಲೂ ಸ್ವಲ್ಪ ನೀರಾವಿ ಇರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಹೆಚ್ಚು ಆವಿ ಇರಲು ಸಾಧ್ಯ, ತಣ್ಣಗಿನ ಗಾಳಿಯಲ್ಲಿ ಕಡಿಮೆ. ಲೆಕ್ಕ ಹೀಗಿದೆ: 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಹುದು. 5 ಡಿಗ್ರಿಯಲ್ಲಿ ಸುಮಾರು 7 ಗ್ರಾಂ ಮಾತ್ರ. ನಿಮ್ಮ ಉಸಿರು, ಒದ್ದೆ ಜಾಕೆಟ್ಟು, ಕಾಲಡಿಯ ನೆಂದ ಮ್ಯಾಟು ಎಲ್ಲವೂ ಸೇರಿ ಕಾರಿನೊಳಗಿನ ಗಾಳಿಗೆ ಆವಿ ತುಂಬುತ್ತವೆ. ಆ ಗಾಳಿ ತಣ್ಣಗಿನ ಗಾಜನ್ನು ಮುಟ್ಟಿದ ಕೂಡಲೇ ತಾನೂ ತಣ್ಣಗಾಗಿ, ಹಿಡಿದುಕೊಳ್ಳಲಾಗದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟ ಬೆವರುತ್ತದಲ್ಲ, ಅದೇ ಕತೆ.

ಈಗ ಒಂದು ಪ್ರಶ್ನೆ. ಹೊರಗೆ ಮಳೆ ಬರ್ತಿದೆ. ಗಾಜು ಒಣಗಬೇಕಾದರೆ ಹೊರಗಿನ ಗಾಳಿಯನ್ನು ಒಳಗೆ ಬಿಡಬೇಕೋ, ಬೇಡವೋ? ಬೇಡ, ಹೊರಗಿನ ಗಾಳಿ ಒದ್ದೆ ಅಲ್ವಾ ಅಂತ ತುಂಬಾ ಜನ ಹೇಳುತ್ತಾರೆ, ದೊಡ್ಡವರೂ ಕೂಡ. ಲೆಕ್ಕ ಮಾಡಿ ನೋಡಿ. ಹೊರಗಿನ 5 ಡಿಗ್ರಿ ಗಾಳಿ ಪೂರ್ತಿ ತುಂಬಿದ್ದರೂ ಅದರಲ್ಲಿರುವುದು 7 ಗ್ರಾಂ. ಅದನ್ನೇ 20 ಡಿಗ್ರಿಗೆ ಕಾಯಿಸಿದರೆ 17 ಗ್ರಾಂಗೆ ಜಾಗವಾಯಿತು, ಒಳಗಿರುವುದು ಮಾತ್ರ ಅದೇ 7. ಅಂದರೆ ನೂರಕ್ಕೆ ನಲವತ್ತರಷ್ಟು ಮಾತ್ರ ತುಂಬಿದ, ಬಾಯಾರಿದ ಗಾಳಿ! ಅದು ಗಾಜಿನ ಮೇಲೆ ಹಾದುಹೋದರೆ ಮಂಜನ್ನು ಕುಡಿದುಬಿಡುತ್ತದೆ. ಆದ್ದರಿಂದ ಹೊರಗಿನ ಗಾಳಿಯನ್ನು ತಂದು, ಕಾಯಿಸಿ, ಗಾಜಿಗೆ ಊದಬೇಕು. ಬೇಗ ಬೆಚ್ಚಗಾಗಲಿ ಅಂತ ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದರೆ ನಿಮ್ಮದೇ ಉಸಿರು ಸುತ್ತಿ ಸುತ್ತಿ ಗಾಜಿಗೆ ಅಂಟುತ್ತದೆ. ಅಪ್ಪ ಅಮ್ಮಂದಿರೇ, ಎ.ಸಿ. ಇದ್ದರೆ ಚಳಿಗಾಲದಲ್ಲೂ ಹಾಕಿ. ಅದರ ತಣ್ಣಗಿನ ಕೊಳವೆಗಳ ಮೇಲೆ ಗಾಳಿಯ ನೀರು ಇಳಿದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ, ಒಣಗಿದ ಗಾಳಿ ಮುಂದೆ ಹೋಗಿ ಬಿಸಿಯಾಗುತ್ತದೆ.

ನಾವಿರುವ ಐರ್ಲೆಂಡಿನಲ್ಲಿ ಇದು ಸಣ್ಣ ವಿಷಯವಲ್ಲ. ಹವಾಮಾನ ಇಲಾಖೆ ಮೆಟ್ ಏರನ್ ಲೆಕ್ಕದಂತೆ, 1 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗುವ ದಿನಗಳು ಪೂರ್ವ ಕರಾವಳಿಯಲ್ಲೇ ವರ್ಷಕ್ಕೆ ಸುಮಾರು 150, ಪಶ್ಚಿಮದ ಕೆಲವು ಕಡೆ ಸುಮಾರು 225. ಆಗುಂಬೆಯವರು ನಗಬಹುದು, ಆದರೆ ಆಗುಂಬೆಯಲ್ಲಿ ಮಳೆ ಜೊತೆ ಇಂಥ ಚಳಿ ಇಲ್ಲ. ಊರಿನ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಕಿಟಕಿ ಇಳಿಸಿ, ಗಾಜು ಒರೆಸಿಕೊಂಡು ಹೋದರೆ ಆಗುತ್ತಿತ್ತು. ಇಲ್ಲಿ ಹಾಗೆ ಮಾಡಿದರೆ ಡಬ್ಲಿನ್ ಬಿಟ್ಟು ನೇಸ್ ತಲುಪುವಷ್ಟರಲ್ಲಿ ಮೂಗು ಕೆಂಪಾಗಿರುತ್ತದೆ.

ಇನ್ನು ನಮ್ಮ ಹಳೇ ಕಾರು. ಐರ್ಲೆಂಡಿನದ್ದೇ ಒಂದನ್ನು ಎದುರಿಗಿಟ್ಟುಕೊಳ್ಳೋಣ: ಫೋರ್ಡ್ ಕಾರ್ಟಿನಾ. ಹೆನ್ರಿ ಫೋರ್ಡ್ ಅವರ ತಂದೆ ವೆಸ್ಟ್ ಕಾರ್ಕ್‌ನ ಬಾಲಿನಾಸ್ಕಾರ್ಥಿ ಕಡೆಯವರು. ಆ ನಂಟಿನಿಂದ ಕಾರ್ಕ್ ಊರಿನ ಮರೀನಾದಲ್ಲಿ ಫೋರ್ಡ್ ಕಾರ್ಖಾನೆ 1917ರಲ್ಲಿ ಶುರುವಾಯಿತು. ಮೊದಲು ಟ್ರ್ಯಾಕ್ಟರು, ಆಮೇಲೆ ಕಾರು, 1984ರಲ್ಲಿ ಮುಚ್ಚುವವರೆಗೂ. ಕೊನೆಯ ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಕಾರುಗಳಲ್ಲಿ ಕಾರ್ಟಿನಾ ಮುಖ್ಯವಾದದ್ದು. ಐರಿಶ್ ಗೆಳೆಯರ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಕಾರ್ಟಿನಾ ಹೆಸರು ಕೇಳಿದರೆ ಒಂದು ಕತೆ ಬಂದೇ ಬರುತ್ತದೆ.

ನಮಗೆ ಈ ಕಾರು ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. 1964ರ ಕೊನೆಯಲ್ಲಿ ಕಾರ್ಟಿನಾಗೆ ಏರೋಫ್ಲೋ ಅನ್ನುವ ವ್ಯವಸ್ಥೆ ಬಂತು. ಡ್ಯಾಶ್‌ಬೋರ್ಡಿನ ಎರಡೂ ತುದಿಯಲ್ಲಿ ಕಣ್ಣುಗುಡ್ಡೆಯ ಹಾಗೆ ತಿರುಗುವ ಗಾಳಿಕಿಂಡಿ, ಹಿಂದಿನ ಕಂಬದಲ್ಲಿ ಗಾಳಿ ಹೊರಹೋಗುವ ಕಿಂಡಿ. ಮುಂದಿನಿಂದ ಬಂದ ಗಾಳಿ ಹಿಂದಿನಿಂದ ಹೋಗಬೇಕು ಅನ್ನುವುದು ಈಗ ಸಾಮಾನ್ಯ ವಿಷಯ. ಆದರೆ ತುಂಬಿದ ಬಾಟಲಿಗೆ ಊದಿದರೆ ಗಾಳಿ ಒಳಗೆ ಹೋಗುತ್ತದೆಯೇ? ಹೊರಗೆ ಹೋಗುವ ದಾರಿ ಇದ್ದರೆ ಮಾತ್ರ ಒಳಗೆ ಬರುವ ದಾರಿಗೆ ಬೆಲೆ. ನಾವು ಎಷ್ಟೇ ಎಲೆಕ್ಟ್ರಾನಿಕ್ಸ್ ಹಾಕಿದರೂ ಹಿಂದಿನ ಆ ಕಿಂಡಿಯಲ್ಲಿ ಎಲೆ, ಕಸ ಕಟ್ಟಿಕೊಂಡಿದ್ದರೆ ಗಾಜು ಮಂಜಾಗಿಯೇ ಇರುತ್ತದೆ.

ಇಂಥ ಕಾರಿನ ಹೀಟರು ಕೆಲಸ ಮಾಡುವುದು ನಮ್ಮ ಅಜ್ಜಿಮನೆ ಬಚ್ಚಲಿನ ಹಾಗೆ. ಹಂಡೆಯಲ್ಲಿ ಕುದಿಯುವ ನೀರು, ಪಕ್ಕದ ತೊಟ್ಟಿಯಲ್ಲಿ ತಣ್ಣೀರು, ಮಧ್ಯೆ ಬಕೆಟ್ಟಿನಲ್ಲಿ ನಮಗೆ ಬೇಕಾದ ಬೆರಕೆ. ಎಂಜಿನ್ ಓಡುವಾಗ ಅದನ್ನು ತಂಪಾಗಿಡುವ ನೀರು ಸುಮಾರು 90 ಡಿಗ್ರಿಗೆ ಬರುತ್ತದೆ. ಆ ನೀರಿನ ಒಂದು ಪಾಲು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಇದೇ ಹಂಡೆ. ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ. ಒಂದು ಕವಾಟ ಬಿಸಿಗಾಳಿ, ತಣ್ಣಗಿನ ಗಾಳಿ ಎಷ್ಟೆಷ್ಟು ಬೆರೆಯಬೇಕು ಅಂತ ನಿರ್ಧರಿಸುತ್ತದೆ. ಕೆಲವು ಕಾರುಗಳಲ್ಲಿ ಕವಾಟದ ಬದಲು ಬಿಸಿನೀರಿನ ನಲ್ಲಿಯನ್ನೇ ಹೆಚ್ಚು ಕಡಿಮೆ ಮಾಡುತ್ತಾರೆ. ಇನ್ನೊಂದು ಕವಾಟ ಆ ಗಾಳಿ ಗಾಜಿಗೆ ಹೋಗಬೇಕೋ, ಮುಖಕ್ಕೋ, ಕಾಲಿಗೋ ಅಂತ ತಿರುಗಿಸುತ್ತದೆ. ಈ ಕವಾಟಗಳಿಗೂ ಡ್ಯಾಶ್‌ಬೋರ್ಡಿನ ಹಿಡಿಗಳಿಗೂ ಮಧ್ಯೆ ಸೈಕಲ್ ಬ್ರೇಕಿನಲ್ಲಿರುವಂಥ ಕೇಬಲ್ಲು. ಅಷ್ಟೇ.

ಎಲ್ಲ ಕಾರೂ ಹೀಗಿರಲಿಲ್ಲ. 1950ರಲ್ಲಿ ಡಬ್ಲಿನ್ನಿನ ಶೆಲ್ಬರ್ನ್ ರಸ್ತೆಯಲ್ಲಿ ಜೋಡಿಸಿದ ಫೋಕ್ಸ್‌ವ್ಯಾಗನ್ ಬೀಟಲ್, ಜರ್ಮನಿಯ ಹೊರಗೆ ಜೋಡಣೆಯಾದ ಮೊದಲ ಬೀಟಲ್. ಅದರ ಎಂಜಿನ್ನಿಗೆ ನೀರೇ ಇಲ್ಲ, ಗಾಳಿಯಿಂದಲೇ ತಂಪು. ಹಾಗಾಗಿ ಹಂಡೆಯೂ ಇಲ್ಲ. ಹಿಂದಿರುವ ಎಂಜಿನ್ನಿನ ಬಿಸಿಗಾಳಿ ಇಡೀ ಕಾರಿನುದ್ದ ನಡೆದು ಮುಂದಿನ ಗಾಜಿಗೆ ಬರಬೇಕು. ಬರುವಷ್ಟರಲ್ಲಿ ಅದಕ್ಕೇ ಚಳಿ! ಸಿನಿಮಾದಲ್ಲಿ ಕಾಲಪ್ರಯಾಣ ಮಾಡಿದ ಡಿಲೋರಿಯನ್ ಕಾರು ನಿಮಗೆ ಗೊತ್ತಿರಬಹುದು. ಬೆಲ್‌ಫಾಸ್ಟ್ ಹತ್ತಿರದ ಡನ್‌ಮರಿಯಲ್ಲಿ 1981–82ರಲ್ಲಿ ತಯಾರಾದದ್ದು. ಅದರ ಕಿಟಕಿಯಲ್ಲಿ ತೆರೆಯುವುದು ಒಂದು ಸಣ್ಣ ಚೌಕ ಮಾತ್ರ, ಆದ್ದರಿಂದ ಅಲ್ಲಿ ಎ.ಸಿ. ಶೋಕಿಗೆ ಇದ್ದದ್ದಲ್ಲ. ಇವತ್ತಿನ ವಿದ್ಯುತ್ ಕಾರುಗಳಿಗೆ ಬೇರೆಯೇ ಕಷ್ಟ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾದಿಂದ ಹಿಡಿದು ನಿಮ್ಮ ಮನೆಯ ಹೊಸ ಕಾರಿನವರೆಗೆ, ಕುದಿಯುವ ಎಂಜಿನ್ನೇ ಇಲ್ಲ. ಬಿಸಿ ಬೇಕೆಂದರೆ ಬ್ಯಾಟರಿಯಿಂದ ಖರ್ಚು ಮಾಡಬೇಕು. ಹಳೇ ಕಾರಿನ ಹೀಟರಿಗೆ ಬಿಸಿ ಪುಕ್ಕಟೆ.

ಹಾಗಾದರೆ ಇದನ್ನು ಎಲೆಕ್ಟ್ರಾನಿಕ್ ಮಾಡುವುದೇಕೆ? ಕೇಬಲ್ ತುಕ್ಕು ಹಿಡಿದು ಬಿಗಿಯುತ್ತದೆ, ಹಿಡಿ ಮುರಿಯುತ್ತದೆ, ಬಿಡಿಭಾಗ ಸಿಗುವುದಿಲ್ಲ. ಜೊತೆಗೆ, 21 ಡಿಗ್ರಿ ಇರಲಿ ಅಂತ ಒಮ್ಮೆ ಹೇಳಿ ಮರೆತುಬಿಡುವ ಸುಖ ಯಾರಿಗೆ ಬೇಡ? ಅಮೆರಿಕದ ಕ್ಯಾಡಿಲಾಕ್ 1964ರಲ್ಲೇ ಅಂಥ ಸೌಲಭ್ಯ ಕೊಟ್ಟಿತ್ತು. ಆಗ ಅದು ಶ್ರೀಮಂತರ ಕಾರಿನ ಸಂಗತಿ. ಈಗ ಅದಕ್ಕೆ ಬೇಕಾದ ಚಿಪ್ಪು ಶಾಲಾಮಕ್ಕಳ ಕೈಯಲ್ಲಿದೆ.

ನಮಗೆ ಬೇಕಾದದ್ದು ಮೂರು: ಚರ್ಮ, ಮಿದುಳು, ಸ್ನಾಯು.

ಚರ್ಮ ಅಂದರೆ ಉಷ್ಣತೆ ತಿಳಿಯುವ ಸೆನ್ಸರು. ಸುಲಭವಾಗಿ ಸಿಗುವುದು ಥರ್ಮಿಸ್ಟರ್, ಕಾಳುಮೆಣಸಿನ ಗಾತ್ರದ್ದು. 25 ಡಿಗ್ರಿಯಲ್ಲಿ ವಿದ್ಯುತ್ತಿಗೆ ಅದು ಒಡ್ಡುವ ತಡೆ 10,000 ಓಮ್. 0 ಡಿಗ್ರಿಗೆ ಇಳಿದರೆ ಸುಮಾರು 30,000. ಚಳಿ ಹೆಚ್ಚಿದಷ್ಟೂ ಹಠ ಹೆಚ್ಚು. ಇದರ ಜೊತೆ ಬದಲಾಗದ 10,000 ಓಮಿನ ಇನ್ನೊಂದು ತಡೆ ಜೋಡಿಸಿ 5 ವೋಲ್ಟ್ ಕೊಟ್ಟರೆ, 25 ಡಿಗ್ರಿಯಲ್ಲಿ ಇಬ್ಬರೂ ಸಮ ಪಾಲು ಹಂಚಿಕೊಳ್ಳುತ್ತಾರೆ: ಎರಡೂವರೆ, ಎರಡೂವರೆ. ಆರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡು 0ಯಿಂದ 5 ವೋಲ್ಟನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ, ಆದ್ದರಿಂದ ನಮಗೆ 512ರ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯಿಂದ ಡಿಗ್ರಿ ಲೆಕ್ಕ ಹಾಕುವ ಸೂತ್ರದಲ್ಲಿ ಸೆಲ್ಸಿಯಸ್ ಹಾಕಿದರೆ ಉತ್ತರ ಎಡವಟ್ಟಾಗುತ್ತದೆ, ಕೆಲ್ವಿನ್ ಹಾಕಬೇಕು. 25 ಡಿಗ್ರಿ ಅಂದರೆ 298.15 ಕೆಲ್ವಿನ್. ಆ ಲಾರ್ಡ್ ಕೆಲ್ವಿನ್ ಹುಟ್ಟಿದ್ದು 1824ರಲ್ಲಿ, ಇಲ್ಲೇ ಬೆಲ್‌ಫಾಸ್ಟಿನಲ್ಲಿ. ಅಲ್ಲಿನ ಬೊಟಾನಿಕ್ ಗಾರ್ಡನ್ಸ್ ಕಡೆ ಹೋದರೆ ಅವರ ಪ್ರತಿಮೆ ನೋಡಿ ಬನ್ನಿ.

ಸೆನ್ಸರನ್ನು ಎಲ್ಲಿ ಇಡುತ್ತೀರಿ ಅನ್ನುವುದು ಯಾವ ಸೆನ್ಸರ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಬಿಸಿಲು ಬಿದ್ದ ಕೂಡಲೇ ಕಾರೆಲ್ಲ ಸುಡುತ್ತಿದೆ ಅಂದುಕೊಳ್ಳುತ್ತದೆ. ಗಾಳಿಕಿಂಡಿ ಪಕ್ಕ ಇಟ್ಟರೆ ತಾನು ಊದಿದ ಗಾಳಿಯನ್ನೇ ಅಳೆದು ಖುಷಿಪಡುತ್ತದೆ. ಅದಕ್ಕೇ ಅನೇಕ ಕಾರುಗಳಲ್ಲಿ ಅದನ್ನು ಒಂದು ಸಣ್ಣ ಜಾಲರಿಯ ಹಿಂದಿಟ್ಟು, ಕೂತವರ ಸುತ್ತಲಿನ ಗಾಳಿಯನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಾರೆ.

ಮಿದುಳಿನ ಕೆಲಸ ಕೇಳಲು ಸರಳ. ಬೇಕಾದದ್ದು 21, ಇರುವುದು 17, ಹಾಗಾದರೆ ಬಿಸಿ ಕವಾಟ ತೆರೆ. 22 ಆಯ್ತಾ, ಮುಚ್ಚು. ಫಲಿತಾಂಶ ನೋಡಿ ಕೆಲಸ ತಿದ್ದಿಕೊಳ್ಳುವ ಈ ಪದ್ಧತಿಗೆ ಫೀಡ್‌ಬ್ಯಾಕ್ ಅಂತ ಹೆಸರು. ಇದಕ್ಕೆ ಕಂಪ್ಯೂಟರೇ ಬೇಕು ಅಂತೇನಿಲ್ಲ. ನಮ್ಮ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಕೂರಿಸಿದರು. ನೀರು ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತಿತ್ತು, ನೀರು ಇಳಿದರೆ ತಾನೇ ಮುಚ್ಚುತ್ತಿತ್ತು. ಚಿಪ್ಪಿಲ್ಲ, ತಂತಿಯಿಲ್ಲ, ನೀರೇ ಸೆನ್ಸರು.

ಕಷ್ಟ ಇರುವುದು ತಡದಲ್ಲಿ. ಹೋಟೆಲಿನ ಹೊಸ ಶವರಿನಲ್ಲಿ ಬಿಸಿ ಸಾಲದು ಅಂತ ತಿರುಗಿಸ್ತೀರಿ, ಏನೂ ಆಗಲಿಲ್ಲ ಅಂತ ಇನ್ನಷ್ಟು ತಿರುಗಿಸ್ತೀರಿ, ಅಷ್ಟರಲ್ಲಿ ಸುಡುನೀರು ತಲೆ ಮೇಲೆ! ಕಾರಿನಲ್ಲೂ ಹಾಗೇ. ಕವಾಟ ತಿರುಗಿದ್ದಕ್ಕೆ ಇಡೀ ಕ್ಯಾಬಿನ್ ಬಿಸಿಯಾಗಲು ನಿಮಿಷಗಳು ಬೇಕು. ಅವಸರದ ಪ್ರೋಗ್ರಾಂ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಅಂತ ತೂಗಾಡುತ್ತಲೇ ಇರುತ್ತದೆ. ಆದ್ದರಿಂದ ವ್ಯತ್ಯಾಸ ದೊಡ್ಡದಿದ್ದರೆ ದೊಡ್ಡ ಹೆಜ್ಜೆ, ಹತ್ತಿರ ಬಂದಂತೆ ಸಣ್ಣ ಹೆಜ್ಜೆ, ಅರ್ಧ ಡಿಗ್ರಿ ಒಳಗೆ ಬಂದರೆ ಸುಮ್ಮನಿರು ಅಂತ ಬರೆಯಬೇಕು. ಸುಮ್ಮನಿರುವುದನ್ನು ಕಲಿಸುವುದೇ ಹೆಚ್ಚು ಹೊತ್ತು ಹಿಡಿಯುವ ಭಾಗ. (ಮಕ್ಕಳಿಗೂ ಹೌದು, ಪ್ರೋಗ್ರಾಮಿಗೂ ಹೌದು.)

ಸ್ನಾಯು ಅಂದರೆ ಕವಾಟ ತಿರುಗಿಸುವ ಪುಟ್ಟ ಮೋಟಾರುಗಳು ಮತ್ತು ದೊಡ್ಡ ಫ್ಯಾನು. ಫ್ಯಾನಿಗೆ 12 ಆಂಪಿಯರ್, ಅಂದರೆ ಸುಮಾರು 150 ವ್ಯಾಟ್ ಬೇಕು ಅಂದುಕೊಳ್ಳಿ. ಆರ್ಡುಯಿನೋದ ಒಂದು ಕಾಲು ಕೊಡಬಲ್ಲದ್ದು 20 ಮಿಲಿಆಂಪಿಯರ್, ಆರು ನೂರರಲ್ಲಿ ಒಂದು ಪಾಲು! ಮಧ್ಯೆ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ತೂಬು ಬೇಕು. ಕಾಲುವೆಯ ತೂಬನ್ನು ಒಬ್ಬನೇ ಮನುಷ್ಯ ತಿರುಗಿಸಿದರೂ ನೂರಾರು ಎಕರೆಗೆ ನೀರು ಹರಿಯುತ್ತದಲ್ಲ, ಹಾಗೆ. ಹಳೇ ಕಾರುಗಳಲ್ಲಿ ಫ್ಯಾನಿನ ವೇಗ ಇಳಿಸಲು ದಾರಿಯಲ್ಲಿ ಒಂದು ತಡೆ ಇಟ್ಟು ಶಕ್ತಿಯನ್ನು ಬಿಸಿಯಾಗಿ ಪೋಲು ಮಾಡುತ್ತಿದ್ದರು. ಮಾಸ್ಫೆಟ್ ಹಾಗಲ್ಲ, ಸೆಕೆಂಡಿಗೆ ಸಾವಿರಾರು ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಅರ್ಧ ಹೊತ್ತು ತೆರೆದಿದ್ದರೆ ಫ್ಯಾನಿಗೆ ಅರ್ಧ ಶಕ್ತಿ.

ಕಾರಿನ 12 ವೋಲ್ಟ್ ಅಂದರೆ ಮನೆಯ ಚಾರ್ಜರಿನಷ್ಟು ಸಾಧು ಅಂದುಕೊಳ್ಳಬೇಡಿ. ಎಂಜಿನ್ ಓಡುವಾಗ 14ರ ಹತ್ತಿರ, ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9ಕ್ಕಿಂತ ಕೆಳಗೂ ಇಳಿಯಬಹುದು, ಬ್ಯಾಟರಿ ತಂತಿ ಸಡಿಲವಾದರೆ ಕ್ಷಣಕಾಲ 40 ದಾಟಿ ನೆಗೆಯಲೂಬಹುದು. ನಮ್ಮ ಚಿಪ್ಪಿಗೆ ಬೇಕಾದದ್ದು ನೆಮ್ಮದಿಯ 5. ಫ್ಯೂಸು, ನೆಗೆತ ತಡೆಯುವ ಡಯೋಡು, ಒಳ್ಳೆಯ ರೆಗ್ಯುಲೇಟರು ಇಲ್ಲದೆ ಮುಂದೆ ಹೋಗಕೂಡದು.

ಇಲ್ಲಿಗೆ ಎಲ್ಲ ಮುಗೀತು ಅನ್ನಿಸಬಹುದು. ಸಾಫ್ಟ್‌ವೇರ್ ಕೆಲಸದವರು ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ಇದು ಕಾರು. ಫೋನು ನಿಂತರೆ ಮತ್ತೆ ಆನ್ ಮಾಡಬಹುದು. ಮೋಟಾರ್‌ವೇಯಲ್ಲಿ ಗಂಟೆಗೆ 120 ಕಿಲೋಮೀಟರ್ ಓಡುವ ಕಾರು ಒಂದು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಆ ಹೊತ್ತಿಗೆ ನಮ್ಮ ಚಿಪ್ಪು ಕೆಟ್ಟು, ಗಾಳಿ ಕಾಲಿಗೆ ಹೋಗುತ್ತಾ, ಗಾಜು ಬೆಳ್ಳಗಾದರೆ? ಆದ್ದರಿಂದ ಮೊದಲು ಬರೆಯಬೇಕಾದ ಪುಟ, ಎಲ್ಲವೂ ಸರಿಯಿದ್ದಾಗ ಏನು ಮಾಡಬೇಕು ಅನ್ನುವುದಲ್ಲ. ಒಂದೊಂದೇ ಭಾಗ ಕೈಕೊಟ್ಟಾಗ ಗಾಳಿ ಎಲ್ಲಿ ಹೋಗಬೇಕು ಅನ್ನುವುದು. ಉತ್ತರ ಯಾವಾಗಲೂ ಒಂದೇ: ಗಾಜಿಗೆ.

ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಅನೇಕ ಹಳೇ ಕಾರುಗಳಲ್ಲಿ ಕವಾಟಗಳನ್ನು ತಿರುಗಿಸುತ್ತಿದ್ದದ್ದು ಎಂಜಿನ್ನಿನಿಂದ ಬರುವ ನಿರ್ವಾತದ ಎಳೆತ, ಸ್ಟ್ರಾದಲ್ಲಿ ಹೀರಿದ ಹಾಗೆ. ರಬ್ಬರ್ ಕೊಳವೆ ಸೀಳಿ ಎಳೆತ ನಿಂತರೆ ಗಾಳಿ ತಾನಾಗಿ ಗಾಜಿನ ಕಡೆಗೇ ತಿರುಗುತ್ತಿತ್ತು. ಮುಖಕ್ಕೆ ಗಾಳಿ ಬರ್ತಿಲ್ಲ ಅಂತ ಮಾಲೀಕರು ಬೈದುಕೊಂಡರೂ ರಸ್ತೆ ಕಾಣುತ್ತಿತ್ತು.

ನಮ್ಮ ವಿನ್ಯಾಸದಲ್ಲಿ ಅದೇ ಗುಣ ತರುವುದು ಹೇಗೆ? ಥರ್ಮಿಸ್ಟರಿನ ತಂತಿ ತುಂಡಾಯಿತು ಅಂದುಕೊಳ್ಳಿ. ತಡೆ ಅಪಾರವಾಯಿತು, ಅಂದರೆ ಪ್ರೋಗ್ರಾಮಿನ ಕಣ್ಣಿಗೆ ಭಯಂಕರ ಚಳಿ. ಅದು ಕಾರನ್ನು ಒಲೆ ಮಾಡಿಬಿಡುತ್ತದೆ. ಹಾಗಾಗಿ ಮೈನಸ್ 40ಕ್ಕಿಂತ ಕಡಿಮೆ ತೋರಿಸಿದರೆ ಐರ್ಲೆಂಡಿನಲ್ಲಿ ಅದು ಹವಾಮಾನವಲ್ಲ, ಕಡಿದ ತಂತಿ ಅಂತ ಮೊದಲೇ ಹೇಳಿಕೊಡಬೇಕು. ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡು ನಿಂತರೆ? ಅದಕ್ಕೆ ಚಿಪ್ಪಿನೊಳಗೆ ವಾಚ್‌ಡಾಗ್ ಅನ್ನುವ ಗಡಿಯಾರವಿದೆ. ಪ್ರತಿ ಭಾನುವಾರ ಹೊತ್ತಿಗೆ ಸರಿಯಾಗಿ ಫೋನ್ ಮಾಡದಿದ್ದರೆ ಊರಿನಿಂದ ಅಜ್ಜಿ ಗಾಬರಿಯಾಗಿ ತಾವೇ ಮಾಡುತ್ತಾರಲ್ಲ, ಹಾಗೆ. ಪ್ರೋಗ್ರಾಂ ಆಗಾಗ ನಾನಿದ್ದೇನೆ ಅನ್ನದಿದ್ದರೆ ವಾಚ್‌ಡಾಗ್ ಚಿಪ್ಪನ್ನು ಮೊದಲಿನಿಂದ ಶುರು ಮಾಡಿಸುತ್ತದೆ. ಇಡೀ ಬೋರ್ಡೇ ಸತ್ತರೆ? ಫ್ಯಾನಿನ ದಾರಿಯಲ್ಲಿ ಒಂದು ರಿಲೇ ಇಡಿ. ಬೋರ್ಡು ಜೀವಂತ ಇರುವವರೆಗೆ ಅದು ಫ್ಯಾನನ್ನು ಮಾಸ್ಫೆಟ್ ಕೈಗೆ ಕೊಟ್ಟಿರಲಿ, ಬೋರ್ಡು ಸತ್ತ ಕೂಡಲೇ ತನ್ನ ಸ್ಪ್ರಿಂಗಿನ ಬಲದಿಂದ ಬೇರೆ ಫ್ಯೂಸಿನ ಮೂಲಕ ಪೂರ್ತಿ ವೇಗಕ್ಕೆ ಜೋಡಿಸಲಿ.

ಉಳಿದದ್ದು ಗಾಜಿನ ಕಡೆಯ ಕವಾಟ. ಗೇರಿರುವ ಅಗ್ಗದ ಮೋಟಾರು ಕರೆಂಟು ಹೋದರೆ ಇದ್ದಲ್ಲೇ ನಿಲ್ಲುತ್ತದೆ, ಹಿಂದೆ ಬರುವುದಿಲ್ಲ. ಸ್ಪ್ರಿಂಗಿನಿಂದ ಹಿಂದಿರುಗುವ ಮೋಟಾರು ಸಿಗುತ್ತದೆ, ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ, ಆ ಒಂದು ಕವಾಟಕ್ಕೆ ಹಳೇ ಕೇಬಲ್ಲನ್ನೇ ಬಿಡಿ, ಎಣ್ಣೆ ಹಾಕಿ, ಹೊಸದು ಬೇಕಿದ್ದರೆ ಹೊಸದು ಹಾಕಿ. ಎಂಜಿನಿಯರ್ ಆದವನು ಹೀಗೆ ಹೇಳಬಾರದು ಅನ್ನುವವರಿದ್ದಾರೆ. ಆದರೆ ಕೈಯಿಂದ ಎಳೆದರೆ ಕವಾಟ ತಿರುಗುವ ಕೇಬಲ್ಲಿನಲ್ಲಿ ಹ್ಯಾಂಗ್ ಆಗುವಂಥದ್ದು ಏನೂ ಇಲ್ಲ.

ಅದೇ ಕಾರಣಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಟಚ್‌ಸ್ಕ್ರೀನ್ ಬೇಡ, ಕೈಗವಸು ಹಾಕಿಕೊಂಡು ನೋಡದೆಯೇ ತಿರುಗಿಸಬಹುದಾದ ಗುಬುಟುಗಳಿರಲಿ. ಹೊಸ ಕಾರುಗಳಲ್ಲೂ ಗಾಳಿ ಅತ್ತ ತಿರುಗುತ್ತಿದೆ: ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್, 2026ರಿಂದ ವೈಪರ್, ಇಂಡಿಕೇಟರ್, ಹಾರ್ನ್‌ನಂಥವಕ್ಕೆ ಮುಟ್ಟಿ ಗುರುತಿಸಬಹುದಾದ ಗುಂಡಿಗಳಿರಬೇಕೆಂದು ಅಂಕಗಳಲ್ಲಿ ಲೆಕ್ಕ ಹಿಡಿಯುತ್ತದೆ. ಹಳೇ ಡ್ಯಾಶ್‌ಬೋರ್ಡನ್ನು ಕೊರೆಯಬೇಡಿ. ಮೂಲ ಫಲಕ ಬಿಚ್ಚಿ ಜೋಪಾನವಾಗಿಟ್ಟು, ಅದೇ ಅಳತೆಯ ಹೊಸದನ್ನು ಅದೇ ತಿರುಪುಗಳಲ್ಲಿ ಕೂರಿಸಿದರೆ ಮುಂದೆ ಬರುವವರು ಬೇಕಾದಾಗ ಮೊದಲಿನ ಹಾಗೆ ಮಾಡಿಕೊಳ್ಳಬಹುದು. ಇನ್ಶೂರೆನ್ಸ್‌ನವರಿಗೆ ಬದಲಾವಣೆ ತಿಳಿಸುವುದನ್ನು ಮರೆಯಬೇಡಿ.

ಕಾರಿಲ್ಲದೆಯೂ ನೀವು ಇದರ ಅರ್ಧ ಮಾಡಿ ನೋಡಬಹುದು. ಮೈಕ್ರೋಬಿಟ್ ಬೋರ್ಡಿನಲ್ಲಿ ಉಷ್ಣತೆ ಅಳೆಯುವ ಸೌಲಭ್ಯ ಇದ್ದೇ ಇದೆ. 2011ರಲ್ಲಿ ಕಾರ್ಕ್‌ನಲ್ಲೇ ಹುಟ್ಟಿದ ಕೋಡರ್‌ಡೋಜೋ ಕ್ಲಬ್ ನಿಮ್ಮ ಊರಲ್ಲಿದ್ದರೆ ಅಲ್ಲಿ ಕೇಳಿ. 21 ದಾಟಿದರೆ ಒಂದು ಚಿತ್ರ, 20 ಇಳಿದರೆ ಇನ್ನೊಂದು, ಮಧ್ಯದಲ್ಲಿದ್ದರೆ ಬದಲಾಯಿಸಬೇಡ ಅಂತ ಬರೆಯಿರಿ. ಅಂಗೈಯಲ್ಲಿ ಮುಚ್ಚಿ ಹಿಡಿದು, ಬಿಟ್ಟು, ಎಷ್ಟು ಹೊತ್ತಿಗೆ ಬದಲಾಗುತ್ತದೆ ಅಂತ ಗಡಿಯಾರದಲ್ಲಿ ನೋಡಿ. ಆ ತಡವೇ ಮೇಲೆ ಹೇಳಿದ ಶವರಿನ ತಡ. ಕಾರಿನ ಬಿಸಿನೀರಿನ ಕೊಳವೆ, ಬ್ಯಾಟರಿ ತಂತಿಗಳ ಹತ್ತಿರ ಮಾತ್ರ ದೊಡ್ಡವರಿಲ್ಲದೆ ಹೋಗಬೇಡಿ.

ಕಾರಿಗೇ ಕೂರಿಸಿದವರಿಗೆ ಕೊನೆಯ ಪರೀಕ್ಷೆ ಒಂದು. ಕಾರನ್ನು ಮನೆ ಮುಂದೆ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ, ಗಾಳಿ ಕಾಲಿಗೆ ಬರುತ್ತಿರುವಾಗ ಹೊಸ ಬೋರ್ಡಿನ ಫ್ಯೂಸನ್ನು ಕಿತ್ತುಬಿಡಿ. ಫ್ಯಾನಿನ ಸದ್ದು ತಾನಾಗಿ ಏರಬೇಕು. ಕೇಬಲ್ ಹಿಡಿಯನ್ನು ಎಳೆದರೆ ಬಿಸಿಗಾಳಿ ಮೇಲೆ ತಿರುಗಬೇಕು. ಈಗ ಕೈಯನ್ನು ಗಾಜಿನ ಹತ್ತಿರ ಹಿಡಿದು ನೋಡಿ. ಅಲ್ಲಿ ಬಿಸಿ ತಾಗದಿದ್ದರೆ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ.